ಮೂವತ್ತನಾಲ್ಕು ಡಿಗ್ರಿ: ಅಳತೆಗಳಲ್ಲಿ ಕಂಡ ಎರಡು ನಾಡುಗಳ ದಿನಚರಿ

ಮಾರ್ಚ್ ತಿಂಗಳ ಮೊದಲ ವಾರದ ಒಂದು ಬೆಳಿಗ್ಗೆ ಮೈಸೂರಿನಲ್ಲಿರುವ ನನ್ನ ಅಣ್ಣನೊಡನೆ ಫೋನಿನಲ್ಲಿ ಮಾತನಾಡುತ್ತಿದ್ದೆ. "ಆಗಲೇ ಬಿಸಿಲು ಏರಿಬಿಟ್ಟಿದೆ ಕಣೋ, ಇವತ್ತು ಮೂವತ್ತನಾಲ್ಕು ಡಿಗ್ರಿ" ಎಂದ. ನಾನು ಕಿಟಕಿಯ ಹೊರಗಿದ್ದ ಉಷ್ಣಮಾಪಕದತ್ತ ನೋಡಿ, "ಇಲ್ಲಿಯೂ ಮೂವತ್ತನಾಲ್ಕೇ" ಎಂದೆ. ಇಬ್ಬರೂ ಹೇಳಿದ್ದು ನಿಜ. ಅವನು ಫ್ಯಾನಿನ ಕೆಳಗೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದ; ನಾನು ಕಾರಿನ ಗಾಜಿನ ಮೇಲಿನ ಮಂಜಿನ ಪದರವನ್ನು ಕೆರೆಯಲು ಹೊರಡುವವನಿದ್ದೆ. ಅವನದು ಸೆಲ್ಸಿಯಸ್, ನನ್ನದು ಫ್ಯಾರನ್‌ಹೀಟ್. ನನ್ನ ಮೂವತ್ತನಾಲ್ಕು ಅವನ ಲೆಕ್ಕದಲ್ಲಿ ಕೇವಲ ಒಂದು.

ಹುಟ್ಟಿದ ನಾಡಿನ ಬದುಕನ್ನೂ ನೆಲೆಸಿದ ನಾಡಿನ ಬದುಕನ್ನೂ ಹೋಲಿಸುವಾಗ ನಾವು ಸಾಮಾನ್ಯವಾಗಿ ಊಟ, ಉಡುಪು, ಹಬ್ಬ, ನೆರೆಹೊರೆಗಳನ್ನು ಎತ್ತಿಕೊಳ್ಳುತ್ತೇವೆ. ಇವೆಲ್ಲದರ ತಳದಲ್ಲಿ, ಎದ್ದಾಗಿನಿಂದ ಮಲಗುವ ತನಕ ನಮ್ಮ ಕೈಯಲ್ಲಾಡುವ ಮತ್ತೊಂದು ಸಂಗತಿಯಿದೆ, ಅದು ಅಳತೆ. ಅಕ್ಕಿ, ಹಾಲು, ದೂರ, ಜ್ವರ, ಹೊತ್ತು, ಔಷಧಿ ಎಲ್ಲವೂ ಅದರ ಮೂಲಕವೇ ನಮ್ಮನ್ನು ತಲುಪುತ್ತವೆ. ಅಳತೆಯೆಂದರೆ ಕೇವಲ ಸಂಖ್ಯೆಯಲ್ಲ, ಜೊತೆಯಲ್ಲಿ ಬಾಳುವವರ ನಡುವಿನ ಒಂದು ಒಪ್ಪಂದ. ವಲಸೆ ಬಂದವರು ಸಂಖ್ಯೆಗಳನ್ನು ಹೊತ್ತುಕೊಂಡು ಬರುತ್ತಾರೆ, ಒಪ್ಪಂದಗಳು ಊರಿನಲ್ಲೇ ಉಳಿದುಬಿಡುತ್ತವೆ. ಇದರಿಂದ ಆಗುವ ಸಣ್ಣಪುಟ್ಟ ತಮಾಷೆಗಳನ್ನೂ ಒಮ್ಮೆ ನಮ್ಮ ಮನೆಯಲ್ಲಿ ಆಗಬಹುದಾಗಿದ್ದ ದೊಡ್ಡ ಅನಾಹುತವನ್ನೂ ಇಲ್ಲಿ ವಿವರಿಸುತ್ತೇನೆ.

ಅಳತೆಯ ಊರು

ನಾನಿರುವ ಗೈದರ್ಸ್‌ಬರ್ಗ್ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯಲ್ಲಿದೆ. ರಾಜಧಾನಿ ವಾಷಿಂಗ್ಟನ್ನಿನ ವಾಯವ್ಯಕ್ಕೆ. ಅಳತೆಯ ಬಗ್ಗೆ ಯೋಚಿಸಲು ಇದಕ್ಕಿಂತ ತಕ್ಕ ಊರು ಅಮೆರಿಕದಲ್ಲಿ ಇರಲಾರದು. ರಾಷ್ಟ್ರದ ಅಳತೆಗಳ ಕಾವಲುಗಾರನೆನ್ನಬಹುದಾದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ನಿಸ್ಟ್, ಇಲ್ಲಿಯೇ ಇದೆ. 1901ರಲ್ಲಿ ಮಾನಕಗಳ ಬ್ಯೂರೋ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆ 1960ರ ದಶಕದಲ್ಲಿ ವಾಷಿಂಗ್ಟನ್ನಿನಿಂದ ಇಲ್ಲಿಗೆ ಬಂತು; 1988ರಲ್ಲಿ ಈಗಿನ ಹೆಸರನ್ನು ಪಡೆಯಿತು. ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ 'ಕೆ20' ಎಂಬ ಕಿಲೋಗ್ರಾಂ ಬಟ್ಟು 1890ರಲ್ಲಿ ಅಮೆರಿಕಕ್ಕೆ ಬಂದದ್ದು. ಅದೂ ಈ ಸಂಸ್ಥೆಯ ಸುಪರ್ದಿಯಲ್ಲಿದೆ. ಅದೇ ಬಗೆಯ 57ನೆಯ ಸಂಖ್ಯೆಯ ಬಟ್ಟು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಮನ್ನು ಲೋಹದ ತುಂಡಿನ ಬದಲು ಪ್ಲಾಂಕ್ ಸ್ಥಿರಾಂಕದ ಮೂಲಕ ನಿರೂಪಿಸಲಾಗಿದೆ. ಆ ಸ್ಥಿರಾಂಕವನ್ನು ನಿಖರವಾಗಿ ಅಳೆದ ಉಪಕರಣಗಳಲ್ಲಿ ಇಲ್ಲಿನ ಕಿಬಲ್ ತಕ್ಕಡಿಯೂ ಒಂದು.

ಊರಿನ ಇನ್ನೊಂದು ಭಾಗದಲ್ಲಿ, ಮನೆಗಳ ನಡುವೆ, ಬಿಳಿಯ ಬಣ್ಣದ ಪುಟ್ಟದೊಂದು ಕಟ್ಟಡವಿದೆ. ಅದು 1899ರಲ್ಲಿ ಕಟ್ಟಿದ ಅಕ್ಷಾಂಶ ವೀಕ್ಷಣಾಲಯ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವಾಗ ತುಸು ತೂಗಾಡುತ್ತದೆ. ಅದರಿಂದ ಧ್ರುವಗಳು ಕೆಲವು ಮೀಟರುಗಳಷ್ಟು ಅತ್ತಿತ್ತ ಸರಿಯುತ್ತವೆ. ಇದನ್ನು ಅಳೆಯಲು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಅಂದರೆ 39 ಡಿಗ್ರಿ 8 ಮಿನಿಟುಗಳ ಉತ್ತರದಲ್ಲಿ, ಆರು ಊರುಗಳನ್ನು ಆರಿಸಿದರು. ಜಪಾನಿನ ಮಿಜುಸಾವಾ, ಇಟಲಿಯ ಕಾರ್ಲೊಫೋರ್ಟೆ, ತುರ್ಕಿಸ್ತಾನದ ಚಾರ್ಜುಯ್, ಅಮೆರಿಕದ ಸಿನ್ಸಿನ್ಯಾಟಿ ಮತ್ತು ಯುಕಾಯಾ, ಆರನೆಯದು ಗೈದರ್ಸ್‌ಬರ್ಗ್. ಬೇರೆ ಬೇರೆ ದೇಶಗಳ ಜನರು ಒಂದೇ ನಕ್ಷತ್ರಗಳನ್ನು ನೋಡಿ ಒಂದೇ ಬಗೆಯ ಟಿಪ್ಪಣಿ ಬರೆದರು. ನಡುವೆ ಕೆಲವು ವರ್ಷ ಮುಚ್ಚಿದ್ದರೂ 1982ರವರೆಗೆ ಇಲ್ಲಿನ ಕೆಲಸ ನಡೆಯಿತು. ಆಮೇಲೆ ಉಪಗ್ರಹಗಳು ಅದನ್ನು ವಹಿಸಿಕೊಂಡವು. ಜಗತ್ತಿನ ಅಳತೆಗಳು ಇಷ್ಟು ನಿಖರವಾಗಿ ನಡೆಯುವ ಈ ಊರಿನ ಅಂಗಡಿಗೆ ಹೋದರೆ ಹಾಲು ಗ್ಯಾಲನ್ನಿನಲ್ಲಿ, ಟೊಮ್ಯಾಟೊ ಪೌಂಡಿನಲ್ಲಿ, ಬಟ್ಟೆ ಗಜದಲ್ಲಿ ಸಿಗುತ್ತದೆ. ಕಿಲೋಗ್ರಾಮನ್ನು ನಿರೂಪಿಸುವ ಊರಿನಲ್ಲಿ ಕಿಲೋ ಲೆಕ್ಕದಲ್ಲಿ ಈರುಳ್ಳಿ ಕೊಳ್ಳಲಾಗುವುದಿಲ್ಲ.

ಅಜ್ಜಿಯ ಪಾವು, ಅಮೆರಿಕದ ಪೌಂಡು

ನಾನು ಇಲ್ಲಿಗೆ ಬಂದಾಗ ಹಳೆಯ ನಾಡನ್ನು ಬಿಟ್ಟು ಹೊಸ ನಾಡಿಗೆ ಬಂದೆನೆಂದು ತಿಳಿದಿದ್ದೆ. ಅಳತೆಯ ವಿಷಯದಲ್ಲಿ ನಡೆದದ್ದು ತದ್ವಿರುದ್ಧ.

ನನ್ನ ಅಜ್ಜಿ ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಿದ್ದರು. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಅಂದರೆ ಸೇರಿಗೆ ಹದಿನಾರು ಚಟಾಕು. ರೂಪಾಯಿಗೆ ಹದಿನಾರು ಆಣೆ. ಪೂರ್ತಿ ನಿಜವನ್ನು 'ಹದಿನಾರಾಣೆ ಸತ್ಯ' ಎನ್ನುವುದು ಆ ಲೆಕ್ಕದಿಂದಲೇ ಬಂದ ಮಾತು. ಈ ಅಂಕಗಣಿತದ ಮೂಲತತ್ತ್ವ ಅರ್ಧ ಮಾಡುವುದು: ಒಂದು, ಅರೆ, ಕಾಲು, ಅರೆಕಾಲು, ವೀಸ. ತಕ್ಕಡಿಯಿದ್ದರೆ ಯಾವ ಗುಂಪನ್ನಾದರೂ ಎರಡು ಸಮಪಾಲು ಮಾಡಬಹುದು, ಆ ಪಾಲನ್ನು ಮತ್ತೆ ಎರಡು ಮಾಡಬಹುದು. ಹತ್ತು ಪಾಲು ಮಾಡುವುದು ಹಾಗೆ ಸುಲಭವಲ್ಲ.

ಅಮೆರಿಕದ ಅಡುಗೆಮನೆಯಲ್ಲಿ ನನಗೆ ಸಿಕ್ಕಿದ್ದು ಇದೇ ಅಂಕಗಣಿತ. ಪೌಂಡಿಗೆ ಹದಿನಾರು ಔನ್ಸು. ಗ್ಯಾಲನ್ನಿಗೆ ನಾಲ್ಕು ಕ್ವಾರ್ಟು, ಕ್ವಾರ್ಟಿಗೆ ಎರಡು ಪಿಂಟು, ಪಿಂಟಿಗೆ ಎರಡು ಕಪ್. ಅಂದರೆ ಗ್ಯಾಲನ್ನಿಗೆ ಹದಿನಾರು ಕಪ್, ಕಪ್ಪೊಂದಕ್ಕೆ ಹದಿನಾರು ದೊಡ್ಡ ಚಮಚ. ಬಡಗಿಯ ಅಳತೆಪಟ್ಟಿಯಲ್ಲಿ ಇಂಚನ್ನು ಹದಿನಾರು ಗೆರೆಗಳಾಗಿ ಹಂಚಿರುತ್ತಾರೆ. ಕಿಲೋ, ಲೀಟರು, ಮೀಟರುಗಳಲ್ಲಿ ಓದಿ ಬೆಳೆದ ನಾನು ಅಜ್ಜಿ ಬಾಯಿಪಾಠ ಮಾಡಿಕೊಂಡಿದ್ದ ಭಿನ್ನರಾಶಿಗಳನ್ನು ಇಲ್ಲಿ ಹೊಸದಾಗಿ ಕಲಿಯಬೇಕಾಯಿತು.

ಇದಕ್ಕೆ ಕಾರಣ ಎರಡೂ ದೇಶಗಳ ಇತಿಹಾಸದಲ್ಲಿದೆ. ಅಮೆರಿಕ 1792ರಲ್ಲೇ ನಾಣ್ಯವನ್ನು ದಶಮಾನಕ್ಕೆ ತಂದಿತು. ಡಾಲರಿಗೆ ನೂರು ಸೆಂಟು. ಆದರೆ ತೂಕ ಮತ್ತು ಅಳತೆಗಳನ್ನು ಬ್ರಿಟಿಷರ ಕಾಲದಲ್ಲಿದ್ದಂತೆಯೇ ಉಳಿಸಿಕೊಂಡಿತು. 1875ರ ಮೀಟರ್ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ ದೇಶಗಳಲ್ಲಿ ಅದೂ ಸೇರಿತ್ತು. 1893ರಿಂದ ಇಲ್ಲಿನ ಗಜ ಮತ್ತು ಪೌಂಡುಗಳನ್ನು ಮೀಟರು ಮತ್ತು ಕಿಲೋಗ್ರಾಮಿನ ಮೂಲಕವೇ ನಿರೂಪಿಸಲಾಗುತ್ತಿದೆ. ಅಂದರೆ ಪೌಂಡು ಕೂಡ ಒಳಗೊಳಗೇ ಕಿಲೋಗ್ರಾಮಿನ ಒಂದು ಪಾಲು: 0.45359237 ಕಿಲೋ. 1975ರಲ್ಲಿ ಅಧ್ಯಕ್ಷ ಫೋರ್ಡ್ ಮೆಟ್ರಿಕ್ ಪರಿವರ್ತನೆಯ ಕಾನೂನಿಗೆ ಸಹಿ ಹಾಕಿದರು. ಆದರೆ ಅದು ಇಷ್ಟವಿದ್ದವರಿಗೆ ಮಾತ್ರ ಎಂಬ ಕಾನೂನು. ಅದಕ್ಕಾಗಿ ರಚಿಸಿದ ಮಂಡಳಿ 1982ರಲ್ಲಿ ಮುಚ್ಚಿತು. ರಸ್ತೆಯ ಫಲಕಗಳು ಮೈಲಿಯಲ್ಲೇ ಉಳಿದವು.

ಭಾರತ ಹಿಡಿದ ದಾರಿ ಬೇರೆ. ಸ್ವಾತಂತ್ರ್ಯ ಬಂದಾಗ ಊರೂರಿಗೂ ಸೇರು ಬೇರೆಯಿತ್ತು. ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಕೊಳಗವಂತೂ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಯಾರ ಕೊಳಗದಿಂದ ರೈತನ ರಾಗಿಯನ್ನು ಅಳೆಯಬೇಕು ಎಂಬುದು ಬರಿಯ ಗಣಿತದ ಪ್ರಶ್ನೆಯಾಗಿರಲಿಲ್ಲ. 1956ರ ಕಾನೂನು ದೇಶಕ್ಕೆಲ್ಲ ಒಂದೇ ಮಾನವನ್ನು ತಂದಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋ, ಲೀಟರು, ಮೀಟರುಗಳು ಕಡ್ಡಾಯವಾದವು. ಓದು ಬಾರದ ಕೋಟ್ಯಂತರ ಜನರಿದ್ದ ಬಡ ದೇಶವೊಂದು ಮಾಡಿ ಮುಗಿಸಿದ ಈ ಕೆಲಸವನ್ನು ಶ್ರೀಮಂತ ಅಮೆರಿಕ ಇಂದಿಗೂ ಮಾಡಿಲ್ಲ. ನಾವು ಮಕ್ಕಳಿಗೆ ಊರಿನ ಬಗ್ಗೆ ಹೇಳುವಾಗ ಈ ಸಂಗತಿಯನ್ನು ಮರೆಯಬಾರದು.

ಹಾಗೆಂದು ಊರಿನಲ್ಲಿ ಹಳೆಯದೆಲ್ಲ ಅಳಿಯಿತೆಂದಲ್ಲ. ಬೆಂಗಳೂರಿನ ನಿವೇಶನ ಇಂದಿಗೂ ಮೂವತ್ತು ನಲವತ್ತು, ಅಡಿಯ ಲೆಕ್ಕದಲ್ಲಿ. ಜಮೀನು ಎಕರೆ ಮತ್ತು ಗುಂಟೆಯಲ್ಲಿ. ಒಂದು ಗುಂಟೆಯೆಂದರೆ 33 ಅಡಿ ಚದರ, ನಲವತ್ತು ಗುಂಟೆ ಸೇರಿದರೆ ಎಕರೆ. ಕರಾವಳಿಯಲ್ಲಿ ಅದೇ ಎಕರೆಯನ್ನು ನೂರು ಸೆಂಟುಗಳಾಗಿ ಎಣಿಸುತ್ತಾರೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ. ಹವೆಯ ಬಿಸಿ ಸೆಲ್ಸಿಯಸ್ಸಿನಲ್ಲಿದ್ದರೂ ಮೈಯ ಜ್ವರ ಮಾತ್ರ ನೂರಾ ಎರಡು, ಅಂದರೆ ಫ್ಯಾರನ್‌ಹೀಟ್. ಅಮೆರಿಕದಲ್ಲೂ ದೊಡ್ಡ ಸೋಡಾ ಬಾಟಲಿ ಎರಡು ಲೀಟರಿನದು, ಮಾತ್ರೆ ಮಿಲಿಗ್ರಾಮಿನದು. ಯಾವ ನಾಡೂ ಒಂದೇ ಅಳತೆಯಲ್ಲಿ ಬದುಕುವುದಿಲ್ಲ. ಎಲ್ಲಿ ಯಾವುದು ನಡೆಯುತ್ತದೆಂಬುದು ಅಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡದೆ ತಿಳಿದಿರುತ್ತದೆ. ಹೊರಗಿನಿಂದ ಬಂದವರು ಅದನ್ನು ತಪ್ಪು ಮಾಡಿಯೇ ಕಲಿಯಬೇಕು.

ಕೊಸರು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ತೂಗಿದ ಮೇಲೆ ವ್ಯಾಪಾರ ಮುಗಿಯುವುದಿಲ್ಲ. ತಕ್ಕಡಿ ಸಮವಾಗಿ ನಿಂತ ಮೇಲೆ ಇನ್ನೊಂದು ಹುರುಳಿಕಾಯಿ ಹಿಡಿ, ಮೇಲೊಂದಿಷ್ಟು ಕರಿಬೇವು, ಎರಡು ಹಸಿಮೆಣಸಿನಕಾಯಿ. ಇದಕ್ಕೆ ಕನ್ನಡದಲ್ಲಿ ಕೊಸರು ಎಂಬ ಹೆಸರೇ ಇದೆ. ಹೂವಾಡಗಿತ್ತಿಯ ಮೊಳ ಅವಳ ಮೊಳಕೈಯಿಂದ ಬೆರಳ ತುದಿಯವರೆಗೆ; ಬೇರೆಯವಳ ಕೈ ಗಿಡ್ಡವಾಗಿದ್ದರೆ ಅವಳ ಮೊಳವೂ ಗಿಡ್ಡ. ಅದು ಕೊಳ್ಳುವವರಿಗೂ ಗೊತ್ತು. ಆದ್ದರಿಂದಲೇ "ಸ್ವಲ್ಪ ಬಿಟ್ಟು ಅಳೆಯಮ್ಮ" ಎಂಬ ಮಾತು, ನಗು, ಕಡೆಗೆ ಎರಡು ಬೆರಳಿನಷ್ಟು ಹೆಚ್ಚು ಹೂವು.

ಗೈದರ್ಸ್‌ಬರ್ಗಿನ ಅಂಗಡಿಯಲ್ಲಿ ತಕ್ಕಡಿಯ ಮೇಲೆ ರಾಜ್ಯದ ಕೃಷಿ ಇಲಾಖೆಯ ತೂಕ ಮತ್ತು ಅಳತೆ ವಿಭಾಗದವರು ಪರೀಕ್ಷಿಸಿ ಅಂಟಿಸಿದ ಚೀಟಿಯಿರುತ್ತದೆ. ಪೆಟ್ರೋಲು ಬಂಕಿನಲ್ಲೂ ಅಷ್ಟೆ. ತೂಕದಲ್ಲಿ ಮೋಸವಾದೀತೆಂಬ ಅನುಮಾನ ನನ್ನ ಮನಸ್ಸಿಗೆ ಬರುವುದೇ ಇಲ್ಲ. ಕೊಸರು ಸಿಗುತ್ತದೆಂಬ ನಿರೀಕ್ಷೆಯೂ ಇಲ್ಲ. ಮಲ್ಲಿಗೆ ದಂಡೆ ಭಾರತೀಯ ಅಂಗಡಿಯಲ್ಲಿ ಪೊಟ್ಟಣದ ಲೆಕ್ಕದಲ್ಲಿ ಸಿಗುತ್ತದೆ. ಯಾರ ಕೈಯ ಮೊಳ ಎಂಬ ಪ್ರಶ್ನೆಯಿಲ್ಲ.

ಇದನ್ನು 'ಅಲ್ಲಿ ಪ್ರೀತಿ, ಇಲ್ಲಿ ಯಂತ್ರ' ಎಂದು ಹೇಳಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಕೊಸರಿನ ಪದ್ಧತಿ ಬೆಳೆಯಲು ಒಂದು ಕಾರಣ ತಕ್ಕಡಿಯ ಮೇಲಿನ ಅಪನಂಬಿಕೆ. ತೂಕ ಹೆಚ್ಚುಕಡಿಮೆಯಾಗಿದ್ದರೆ ಇದರಲ್ಲಿ ಸರಿಹೋಗಲಿ ಎಂಬುದು ಅದರ ಒಳ ಅರ್ಥ. ಇಂಗ್ಲೆಂಡಿನ ಬ್ರೆಡ್ ಮಾರುವವರು ಹನ್ನೆರಡಕ್ಕೆ ಹದಿಮೂರು ಕೊಡುತ್ತಿದ್ದ ರೂಢಿಗೂ ತೂಕ ಕಡಿಮೆಯಾದರೆ ಶಿಕ್ಷೆಯಾದೀತೆಂಬ ಭಯವೇ ಮೂಲವೆಂದು ಹೇಳುತ್ತಾರೆ. ಕೊಸರು ದಿನವೂ ಮುಖ ನೋಡುವವರಿಗೆ ಸಿಗುತ್ತದೆ; ಹೊಸಬನಿಗೆ, ಭಾಷೆ ಬಾರದವನಿಗೆ, ಒಮ್ಮೊಮ್ಮೆ ಜಾತಿ ನೋಡಿ, ಸಿಗದೆಯೂ ಹೋಗುತ್ತದೆ. ಇಲ್ಲಿನ ಚೀಟಿ ಅಂಟಿಸಿದ ತಕ್ಕಡಿ ನಿನ್ನೆ ಬಂದಿಳಿದವನಿಗೂ ಮೂರು ತಲೆಮಾರಿನಿಂದ ಇರುವವನಿಗೂ ಒಂದೇ ತೂಕ ತೋರಿಸುತ್ತದೆ. ನಾನು ಇಲ್ಲಿ ಹೊಸಬನಾಗಿದ್ದಾಗ ನನ್ನನ್ನು ಕಾಪಾಡಿದ್ದು ಈ ಎರಡನೆಯದು. ಆದರೆ ಕೊಸರಿನ ನೆಪದಲ್ಲಿ ಆಗುತ್ತಿದ್ದ ಮಾತು ಮಾತ್ರ ಯಾವ ಚೀಟಿಯಿಂದಲೂ ಬರುವುದಿಲ್ಲ. ವಾರವಿಡೀ ಅಂಗಡಿಗೆ ಹೋಗಿ ಬಂದರೂ ಒಬ್ಬರೊಡನೆಯೂ ಮಾತನಾಡದೆ ಇರಬಹುದಾದದ್ದು ಇಲ್ಲಿನ ಬದುಕಿನ ಸತ್ಯ.

ಕೂಗಳತೆಯ ದೂರ

ಕನ್ನಡದಲ್ಲಿ ದೂರದ ಅಳತೆಗಳು ಹಲವು: ಮಾರು, ಹರದಾರಿ, ಗಾವುದ. ನನಗೆ ಬಹಳ ಇಷ್ಟವಾದದ್ದು ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ. ಅದು ಎಷ್ಟು ಅಡಿ ಎಂದು ಹೇಳಲಾಗದು. ಕೂಗಿದಾಗ ಓಗೊಡುವವರು ಇದ್ದಾರೆಂಬ ಭರವಸೆ ಮಾತ್ರ ಅದರೊಳಗೇ ಇದೆ.

ಅಮೆರಿಕದಲ್ಲಿ ಫಲಕಗಳು ಮೈಲಿಯಲ್ಲಿದ್ದರೂ ಜನ ದೂರವನ್ನು ನಿಮಿಷಗಳಲ್ಲಿ ಹೇಳುತ್ತಾರೆ. ಗೆಳೆಯರ ಮನೆ ಹದಿನೈದು ನಿಮಿಷ, ದೇವಸ್ಥಾನ ನಲವತ್ತು ನಿಮಿಷ. ಈ ನಿಮಿಷ ಕಾರಿನ ನಿಮಿಷ. 270ನೆಯ ಹೆದ್ದಾರಿಯಲ್ಲಿ ಸಂಜೆಯ ದಟ್ಟಣೆಯಿದ್ದರೆ ಅದೇ ಹದಿನೈದು ಮೂವತ್ತಾಗುತ್ತದೆ. ಕಾರು ಓಡಿಸಲು ಬಾರದವರಿಗೆ ಈ ಅಳತೆಗೆ ಅರ್ಥವೇ ಇಲ್ಲ. ಊರಿನಿಂದ ಬಂದ ತಂದೆತಾಯಿಗಳು ಇಲ್ಲಿ ಒಂಟಿತನ ಅನುಭವಿಸುವುದೇಕೆ ಎಂಬುದಕ್ಕೆ ನಾವು ನೂರು ಕಾರಣ ಹೇಳುತ್ತೇವೆ. ಬಹುಶಃ ಮೊದಲನೆಯದು ಇದು: ಅವರ ದೂರಗಳೆಲ್ಲ ಹೆಜ್ಜೆಯಲ್ಲೋ ಕೂಗಿನಲ್ಲೋ ಇದ್ದವು, ಇಲ್ಲಿ ಅವು ಇನ್ನೊಬ್ಬರ ಕಾರಿನ ಕೀಲಿಕೈಯಲ್ಲಿವೆ.

ದೀಪ ಹಚ್ಚುವ ಹೊತ್ತು

ಒಮ್ಮೆ ಅಮ್ಮ ಜೂನ್ ತಿಂಗಳಲ್ಲಿ ಬಂದಿದ್ದರು. ಮೊದಲ ದಿನ ಸಂಜೆ ಏಳು ಗಂಟೆಗೆ ಕೈಕಾಲು ತೊಳೆದು ದೇವರ ಮುಂದೆ ನಿಂತು, "ಇನ್ನೂ ಬಿಸಿಲಿದೆಯಲ್ಲಪ್ಪ, ದೀಪ ಯಾವಾಗ ಹಚ್ಚಲಿ?" ಎಂದು ಕೇಳಿದರು. ಅಕ್ಷಾಂಶ ವೀಕ್ಷಣಾಲಯದವರು ನಕ್ಷತ್ರ ನೋಡಿ ಅಳೆದದ್ದನ್ನೇ ಅಮ್ಮ ದೇವರ ಮನೆಯ ಬಾಗಿಲಲ್ಲಿ ಕಂಡುಕೊಂಡಿದ್ದರು. ಮೈಸೂರು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟು. ಗೈದರ್ಸ್‌ಬರ್ಗಿನಲ್ಲಿ ಅದು ಐದೂವರೆ ಗಂಟೆ ಸಮೀಪ. ಇಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಮೇಲೆ. ಡಿಸೆಂಬರಿನಲ್ಲಿ ನಾಲ್ಕೂ ಮುಕ್ಕಾಲಿಗೇ.

ಊರಿನ ಗೋಡೆ ಪಂಚಾಂಗವನ್ನು ಇಲ್ಲಿ ಹಾಗೆಯೇ ಬಳಸಲಾಗದಿರುವುದಕ್ಕೂ ಇದು ಒಂದು ಕಾರಣ. ರಾಹುಕಾಲವನ್ನು ತೆಗೆದುಕೊಳ್ಳಿ. ಅದು ಹಗಲನ್ನು ಎಂಟು ಪಾಲು ಮಾಡಿ ಪಡೆಯುವ ಒಂದು ಪಾಲು. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಪಾಲೊಂದು ಒಂದೂವರೆ ಗಂಟೆ. ಶುಕ್ರವಾರದ್ದು ನಾಲ್ಕನೆಯ ಪಾಲಾದ್ದರಿಂದ ಹತ್ತೂವರೆಯಿಂದ ಹನ್ನೆರಡು. ಇಲ್ಲಿ ಜೂನ್ ಕೊನೆಯ ಶುಕ್ರವಾರ ಅದೇ ನಾಲ್ಕನೆಯ ಪಾಲು ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ ತೊಡಗಿ ಮಧ್ಯಾಹ್ನ ಒಂದು ಗಂಟೆ ದಾಟುವವರೆಗೂ ನಡೆಯುತ್ತದೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ನಂಬುವವರು ಯಾವ ಊರಿನ ಸೂರ್ಯನನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದೇವೆಂದು ತಿಳಿದಿರಬೇಕಷ್ಟೆ. ಅಮ್ಮ ಅಂದು ತಾವೇ ನಿರ್ಧರಿಸಿದರು: "ಹೊತ್ತು ಮುಳುಗಿದಾಗ ದೀಪ. ಗಡಿಯಾರ ಏನಾದರೂ ಹೇಳಲಿ."

ಗಡಿಯಾರವೂ ಇಲ್ಲಿ ಸ್ಥಿರವಲ್ಲ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅದನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಕರ್ನಾಟಕಕ್ಕೂ ಇಲ್ಲಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹತ್ತೂವರೆ. ನವೆಂಬರಿನಲ್ಲಿ ನನ್ನ ಫೋನು ಒಂದು ಗಂಟೆ ತಡವಾಗಿ ಬಂದರೆ ಅಣ್ಣನಿಗೆ ಗಾಬರಿ. ಸರ್ಕಾರವೇ ಗಡಿಯಾರ ತಿರುಗಿಸುತ್ತದೆಂಬುದು ಅವನಿಗೆ ಈಗಲೂ ವಿಚಿತ್ರವಾಗಿ ಕಾಣುತ್ತದೆ.

ಅಮ್ಮನ ಇನ್ಸುಲಿನ್

ಇಷ್ಟೆಲ್ಲ ತಿಳಿದುಕೊಂಡಿದ್ದ ನಾನೇ ಮಾಡಿದ ತಪ್ಪನ್ನು ಈಗ ಹೇಳಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆಯಿತ್ತು. ಬೆಳಿಗ್ಗೆ ಇಪ್ಪತ್ತು ಯೂನಿಟ್ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಆರು ತಿಂಗಳಿಗಾಗುವಷ್ಟು ಬಾಟಲಿಗಳನ್ನು ಥರ್ಮಾಸಿನಲ್ಲಿಟ್ಟು ತಂದಿದ್ದರು. ಸಿರಿಂಜುಗಳು ಮಾತ್ರ ಎರಡು ತಿಂಗಳಲ್ಲೇ ಮುಗಿದುಹೋದವು. ನಾನು ಇಲ್ಲಿನ ಔಷಧಿ ಅಂಗಡಿಯಿಂದ ಇನ್ಸುಲಿನ್ ಸಿರಿಂಜುಗಳ ಒಂದು ಡಬ್ಬಿ ತಂದುಕೊಟ್ಟೆ. ಅಮ್ಮ ಒಂದನ್ನು ತೆಗೆದು ನೋಡಿ, "ನಮ್ಮದರ ಮುಚ್ಚಳ ಕೆಂಪಗಿತ್ತು, ಇದು ಕಿತ್ತಳೆ ಬಣ್ಣದ್ದು ಕಣೋ" ಎಂದರು. "ಬಣ್ಣದಲ್ಲಿ ಏನಿದೆ ಅಮ್ಮ, ಇಪ್ಪತ್ತರ ಗೆರೆಯವರೆಗೆ ತೆಗೆದುಕೊಂಡರಾಯಿತು" ಎಂದೆ.

ಮೂರು ದಿನಗಳಲ್ಲಿ ಅವರ ರಕ್ತದ ಸಕ್ಕರೆ ಏರಿ ಇಮ್ಮಡಿಯಾಯಿತು. ಬಾಯಾರಿಕೆ, ಸುಸ್ತು, ರಾತ್ರಿಯೆಲ್ಲ ಎದ್ದೇಳುವುದು. ಹಬ್ಬದ ಊಟದಲ್ಲಿ ಪಾಯಸ ತಿಂದದ್ದರಿಂದ ಎಂದು ನಾನು ಅವರನ್ನೇ ಗದರಿದೆ. ನಾಲ್ಕನೆಯ ದಿನ ಅಮ್ಮ ಮತ್ತೆ ಮುಚ್ಚಳದ ಮಾತೆತ್ತಿದಾಗ ಬಾಟಲಿಯನ್ನೂ ಸಿರಿಂಜನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಹಾಕಿಕೊಂಡು ಓದಿದೆ. ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ 40 ಯೂನಿಟ್ ಎಂದಿತ್ತು. ಸಿರಿಂಜಿನ ಮೇಲೆ 100 ಎಂದಿತ್ತು.

ವಿಷಯ ಇಷ್ಟೆ. ಭಾರತದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಬಹುಪಾಲು ಯು-40, ಅಂದರೆ ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ತಕ್ಕ ಸಿರಿಂಜಿನ ಮುಚ್ಚಳ ಕೆಂಪು. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಯು-100. ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. ಯು-100 ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯೆಂದರೆ 0.2 ಮಿಲಿಲೀಟರು. ಅಮ್ಮನ ಬಾಟಲಿಯಿಂದ ಅಷ್ಟು ತೆಗೆದರೆ ಅದರಲ್ಲಿ ಇದ್ದದ್ದು 8 ಯೂನಿಟ್ ಮಾತ್ರ. ಮೂರು ದಿನ ಅವರಿಗೆ ಅರ್ಧಕ್ಕಿಂತ ಕಡಿಮೆ ಔಷಧಿ ಸಿಕ್ಕಿತ್ತು. ತಪ್ಪು ಇದರ ತಿರುಗುಮುರುಗಾಗಿದ್ದರೆ, ಅಂದರೆ ಇಲ್ಲಿನ ಯು-100 ಇನ್ಸುಲಿನ್ನನ್ನು ಊರಿನ ಯು-40 ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ತೆಗೆದಿದ್ದರೆ, ಅರ್ಧ ಮಿಲಿಲೀಟರಿನಲ್ಲಿ 50 ಯೂನಿಟ್ ದೇಹಕ್ಕೆ ಹೋಗುತ್ತಿತ್ತು. ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾಗುತ್ತಿತ್ತು. ಆ ದಿನವೇ ಇಲ್ಲಿನ ವೈದ್ಯರೊಬ್ಬರನ್ನು ಕಂಡು, ಬಾಟಲಿ ಮತ್ತು ಸಿರಿಂಜು ಎರಡನ್ನೂ ಇಲ್ಲಿನ ಪದ್ಧತಿಗೇ ಬದಲಾಯಿಸಿಕೊಂಡೆವು. ಅಮ್ಮ ಚೇತರಿಸಿಕೊಂಡರು. ಅವರು ನನ್ನನ್ನು ಬೈಯಲಿಲ್ಲ; "ನಾನು ಮೊದಲೇ ಹೇಳಿದ್ದೆ" ಎಂದೂ ಅನ್ನಲಿಲ್ಲ. ಎಂಜಿನಿಯರಿಂಗ್ ಓದಿದ ನಾನು ನೋಡಿದ್ದು ಇಪ್ಪತ್ತು ಎಂಬ ಸಂಖ್ಯೆಯನ್ನು. ಪ್ರಾಥಮಿಕ ಶಾಲೆ ದಾಟದ ಅಮ್ಮ ನೋಡಿದ್ದು ಒಪ್ಪಂದ ಬದಲಾಗಿರುವುದನ್ನು.

ಇಂಥ ತಪ್ಪು ಬಲ್ಲವರಿಂದಲೂ ಆಗುತ್ತದೆ. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಸುತ್ತ ತಿರುಗಲು ಹೋದ ನಾಸಾದ ಒಂದು ನೌಕೆ ನಾಶವಾಯಿತು. ಒಂದು ತಂಡದ ತಂತ್ರಾಂಶ ಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ನಿನ ಮಾನವೆಂದು ಓದಿತ್ತು. ಸಂಖ್ಯೆಗಳು ಸರಿಯಾಗಿಯೇ ಇದ್ದವು.

ಮನೆಯಲ್ಲಿ ಪಾಲಿಸಬೇಕಾದದ್ದು

ಈ ಅನುಭವದ ಮೇಲೆ ನಮ್ಮ ಮನೆಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಓದುಗರಿಗೂ ಉಪಯೋಗವಾದೀತು.

ಊರಿನಿಂದ ಬರುವ ಹಿರಿಯರು ಇನ್ಸುಲಿನ್ ತರುವುದಾದರೆ ಅದಕ್ಕೆ ತಕ್ಕ ಸಿರಿಂಜುಗಳನ್ನೂ ಇರುವಷ್ಟು ದಿನಕ್ಕೆ ಸಾಕಾಗುವಂತೆ ತರಲಿ. ಬಾಟಲಿ ಒಂದು ದೇಶದ್ದು, ಸಿರಿಂಜು ಇನ್ನೊಂದು ದೇಶದ್ದು ಎಂದಾಗಲೇಬಾರದು. ಇಲ್ಲಿನವರು ಊರಿಗೆ ಹೋಗುವಾಗಲೂ ಅಷ್ಟೆ. ಬದಲಾಯಿಸಲೇಬೇಕಾದರೆ ಲೆಕ್ಕವನ್ನು ವೈದ್ಯರೇ ಮಾಡಲಿ.

ಮಕ್ಕಳ ಜ್ವರದ ಔಷಧಿಯನ್ನು 'ಒಂದು ಚಮಚ' ಎಂದು ಹೇಳುವುದನ್ನು ಬಿಡಬೇಕು. ಊರಿನಲ್ಲಿ ಪ್ಯಾರಾಸಿಟಮಾಲ್ ಎನ್ನುವುದನ್ನೇ ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಇಲ್ಲಿನ ಮಕ್ಕಳ ದ್ರವೌಷಧಿಯಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರಿಗೆ 160 ಮಿಲಿಗ್ರಾಂ ಇರುತ್ತದೆ. ಭಾರತದಲ್ಲಿ 120, 125, 250 ಹೀಗೆ ಹಲವು ಬಗೆ. ಹೆಸರು ಬೇರೆಯೆಂದು ಎರಡನ್ನೂ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ಮಿಲಿಗ್ರಾಂ ಎಷ್ಟೆಂದು ಓದಿ, ಔಷಧಿಯ ಜೊತೆ ಬರುವ ಅಳತೆಯ ಸಾಧನದಿಂದಲೇ ಕೊಡಬೇಕು.

ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. 7/8 ಎಂದರೆ ಊರಿನಲ್ಲಿ ಆಗಸ್ಟ್ ಏಳು, ಇಲ್ಲಿ ಜುಲೈ ಎಂಟು. ಹುಟ್ಟಿದ ದಿನ ಒಂದು ಅರ್ಜಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆಯಾದರೆ ಸರಿಪಡಿಸಲು ತಿಂಗಳುಗಳೇ ಬೇಕಾಗುತ್ತವೆ. ಹವೆಯ ಬಿಸಿಗೆ ಒಂದು ಒರಟು ಲೆಕ್ಕ: ಫ್ಯಾರನ್‌ಹೀಟಿನಿಂದ ಮೂವತ್ತು ಕಳೆದು ಅರ್ಧ ಮಾಡಿದರೆ ಸೆಲ್ಸಿಯಸ್ ಹತ್ತಿರ ಬರುತ್ತದೆ. ಅಂಗಿ ಹಾಕಿಕೊಳ್ಳಲು ಈ ಲೆಕ್ಕ ಸಾಕು, ಜ್ವರ ನೋಡಲು ಸಾಲದು.

ಕೊನೆಯದಾಗಿ ಒಂದು ಮಾತು. ಕನ್ನಡದಲ್ಲಿ ಮಾನವೆಂದರೆ ಅಳತೆ. ಮಾನವೆಂದರೆ ಗೌರವವೂ ಹೌದು. ಹಿರಿಯರು ಹೊಸ ಊರಿನಲ್ಲಿ ತಡವರಿಸಿದಾಗ, ಸರಿಯಾದ ಪದ ಸಿಗದೆ ಮುಚ್ಚಳದ ಬಣ್ಣ ಹೇಳಿದಾಗ, ನಿಂತು ಕೇಳಬೇಕು. ಅಮ್ಮ ಈಗಿಲ್ಲ. ಅವರ ಪಾವಿನ ಪಾತ್ರೆ ನಮ್ಮ ಅಕ್ಕಿ ಡಬ್ಬದಲ್ಲಿದೆ. ಅಕ್ಕಿಯ ಚೀಲದ ಮೇಲೆ 20 ಪೌಂಡು ಎಂದೂ 9.07 ಕಿಲೋ ಎಂದೂ ಅಚ್ಚಾಗಿರುತ್ತದೆ. ನಾವು ಅಳೆಯುವುದು ಮಾತ್ರ ಪಾವಿನಲ್ಲಿ. ಇಬ್ಬರಿಗೆ ಒಂದು ಪಾವು, ಯಾರಾದರೂ ಬಂದರೆ ಮೇಲೊಂದು ಹಿಡಿ.